ಸ್ವೀಟ್ ಕಾರ್ನ್ ಟಿನ್: ಲೇಬಲ್ ಓದುವುದು ಬೇರೆ, ಡಬ್ಬಿ ನೋಡುವುದು ಬೇರೆ

ಪ್ರಶ್ನೆ: ಮಡಿಕೇರಿ ಹತ್ತಿರ ಸಣ್ಣ ಹೋಂಸ್ಟೇ ನಡೆಸುತ್ತಿದ್ದೇವೆ. ಮಳೆಗಾಲದಲ್ಲಿ ಒಮ್ಮೆ ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ, ಫ್ರೀಜರ್ ನಂಬಿ ಕೂರುವಂತಿಲ್ಲ. ಅದಕ್ಕೇ ಸೂಪಿಗೆ, ಮಕ್ಕಳ ಚಾಟ್‌ಗೆ ಬೇಕಾಗುವ ಸ್ವೀಟ್ ಕಾರ್ನ್ ಟಿನ್‌ಗಳನ್ನು ಮೇ ತಿಂಗಳಲ್ಲೇ ತಂದು, ಬಿಸಿನೀರಿನ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಅಲ್ಲಿ ತೇವ ಇರುವುದಿಲ್ಲ. ಈ ಸಲ ಅಂಗಡಿಯಲ್ಲಿ ಥಾಯ್ಲೆಂಡಿನದು, ನಮ್ಮ ದೇಶದ್ದು, ಕ್ರೀಮ್ ಸ್ಟೈಲ್ ಎಂದು ಮೂರು ಬಗೆ ಇತ್ತು. ತಿಳಿಯದೆ ಮೂರನ್ನೂ ತಂದೆ. ಲೇಬಲ್ಲಿನಲ್ಲಿ ಏನನ್ನು ನೋಡಬೇಕು? "ಪ್ರಿಸರ್ವೇಟಿವ್ ಇಲ್ಲ ಅಂತ ಬರೆದು ಮೂರು ವರ್ಷ ಇಡ್ತಾರೆ ಅಂದ್ರೆ ಸುಳ್ಳೇ" ಎನ್ನುತ್ತಾರೆ ಅತ್ತೆ. ಮಾವನವರಿಗೆ ಬಿ.ಪಿ. ಇದೆ, ಅವರು ತಿನ್ನಬಹುದೇ? ಅಟ್ಟದಲ್ಲಿಟ್ಟ ಮೇಲೆ ಒಂದು ಟಿನ್ನಿನ ಮುಚ್ಚಳ ಸ್ವಲ್ಪ ಉಬ್ಬಿದೆ, ಒತ್ತಿದರೆ ಟಕ್ಕೆಂದು ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಅಂಗಡಿಯವರನ್ನು ಕೇಳಿದರೆ "ಘಟ್ಟ ಹತ್ತಿದ ಮೇಲೆ ಚಿಪ್ಸ್ ಪ್ಯಾಕೆಟ್ ಉಬ್ಬಲ್ವಾ, ಹಾಗೇ ಇದು" ಎಂದರು. ಎರಡು ಮೂರಕ್ಕೆ ತುಕ್ಕೂ ಹಿಡಿದಿದೆ. ಕೊನೆಯದಾಗಿ, ಕುಶಾಲನಗರದ ಕಡೆಯಿಂದ ತಾಜಾ ಜೋಳ ಅಗ್ಗಕ್ಕೆ ಸಿಕ್ಕಾಗ ನಾವೇ ಬಾಟಲಿಗೆ ತುಂಬಿ ಕುಕ್ಕರಿನಲ್ಲಿ ಬೇಯಿಸಿ ಇಟ್ಟುಕೊಳ್ಳಬಹುದೇ?

ಉತ್ತರ: ಮೊದಲು ಆ ಉಬ್ಬಿದ ಟಿನ್ನಿನ ವಿಷಯ ಮುಗಿಸೋಣ. ಅದನ್ನು ತೆರೆಯಬೇಡಿ. ವಾಸನೆ ನೋಡಿ ತೀರ್ಮಾನಿಸೋಣ, ಒಂದು ಕಾಳು ಬಾಯಿಗೆ ಹಾಕಿ ನೋಡೋಣ ಎಂದುಕೊಳ್ಳಬೇಡಿ. ನಾಯಿಗೆ, ಹಂದಿಗೆ ಹಾಕುವುದೂ ಬೇಡ. ಅಂಗಡಿಗೆ ವಾಪಸ್ ಕೊಡುವುದಿದ್ದರೆ ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಬಿಲ್ಲಿನ ಜೊತೆ ಕೊಡಿ. ಇಲ್ಲವಾದರೆ ಹಾಗೇ ಕಟ್ಟಿದ್ದನ್ನು ನಾಯಿ ಕೆದಕದಷ್ಟು ಆಳಕ್ಕೆ ಹೂಳಿ. ಸೋರಿದ್ದರೆ ಕೈಗೆ ಗ್ಲೌಸ್ ಹಾಕಿಕೊಂಡೇ ಮುಟ್ಟಿ, ಸೋರಿದ ಜಾಗವನ್ನು ಬ್ಲೀಚ್ ಕಲಸಿದ ನೀರಿನಿಂದ ಒರೆಸಿ.

ಅಂಗಡಿಯವರು ಹೇಳಿದ್ದರಲ್ಲಿ ಕಾಲು ಭಾಗ ನಿಜವಿದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 100 ಮಿಲಿಮೀಟರ್ ಪಾದರಸದಷ್ಟು ಕಡಿಮೆ. ಚಿಪ್ಸ್ ಪ್ಯಾಕೆಟ್ಟಿಗೆ ತುಂಬಿದ ಅನಿಲದ ಒತ್ತಡ ತುಂಬಿದ ಊರಿನ ಗಾಳಿಯಷ್ಟೇ ಇರುವುದರಿಂದ ಬೆಟ್ಟ ಹತ್ತಿದಾಗ ಅದು ಉಬ್ಬುತ್ತದೆ. ಟಿನ್ನಿನ ಕಥೆ ಹಾಗಲ್ಲ. ಅದನ್ನು ಬಿಸಿಯಾಗಿರುವಾಗ, ಇಲ್ಲವೇ ಬಾಯಿಗೆ ಹಬೆ ಹಾಯಿಸಿ ಮುಚ್ಚುತ್ತಾರೆ. ತಣ್ಣಗಾದ ಮೇಲೆ ಒಳಗಿನ ಹಬೆ ನೀರಾಗಿ, ಸಾಮಾನ್ಯವಾಗಿ 250ರಿಂದ 500 ಮಿಲಿಮೀಟರ್ ಪಾದರಸದಷ್ಟು ನಿರ್ವಾತ ಉಳಿಯುತ್ತದೆ, ಅಂದರೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಅಷ್ಟು ಕಡಿಮೆ. ಒಳ್ಳೆಯ ಟಿನ್ನಿನ ಎರಡೂ ಮುಚ್ಚಳ ಸ್ವಲ್ಪ ಒಳಕ್ಕೆ ಕುಗ್ಗಿರುವುದು ಅದರಿಂದಲೇ. ಅಷ್ಟರಲ್ಲಿ ನೂರು ಕಳೆದರೂ ಮುಚ್ಚಳ ಒಳಕ್ಕೇ ಇರಬೇಕು. ಕಾಳನ್ನು ಅತಿಯಾಗಿ ತುರುಕಿದ, ನಿರ್ವಾತ ಸಾಲದ ಟಿನ್ ಮಾತ್ರ ಎತ್ತರಕ್ಕೆ ಬಂದಾಗ ಟಕ್ ಟಕ್ ಎನ್ನಬಹುದು. ಆದರೆ ಎತ್ತರವೇ ಕಾರಣವಾಗಿದ್ದರೆ ಆ ಟಿನ್ ಮಡಿಕೇರಿಗೆ ಬಂದ ದಿನವೇ ಹಾಗಿರಬೇಕಿತ್ತು, ಅದೇ ಬ್ಯಾಚಿನ ಬೇರೆ ಟಿನ್‌ಗಳೂ ಹಾಗೇ ಆಗಬೇಕಿತ್ತು. ನಿಮ್ಮಲ್ಲಿ ಉಬ್ಬಿರುವುದು ಒಂದೇ ಒಂದು, ಅದೂ ಅಟ್ಟದಲ್ಲಿಟ್ಟ ಮೇಲೆ. ಒಳಗೆ ಏನೋ ಬೆಳೆದು ಅನಿಲ ಬಿಡುತ್ತಿದೆ ಎಂದೇ ತಿಳಿಯಬೇಕು.

ಏನು ಬೆಳೆಯಬಹುದು ಎಂದು ತಿಳಿದರೆ ಅತ್ತೆಯವರ ಸಂಶಯಕ್ಕೂ ಉತ್ತರ ಸಿಗುತ್ತದೆ. ಜೋಳದಲ್ಲಿ ಹುಳಿ ಇಲ್ಲ. ಅದರ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಮೇಲೆ. ಪಿಎಚ್ 4.6ಕ್ಕಿಂತ ಹೆಚ್ಚಿರುವ, ಗಾಳಿ ಆಡದ, ನೀರಿನಂಶವಿರುವ ಜಾಗ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ, ಮಾರಕ ವಿಷ ಬಿಡುವ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ್ದು. ಅದರ ಬೀಜಕಗಳು, ಅಂದರೆ ಗಟ್ಟಿ ಚಿಪ್ಪಿನೊಳಗೆ ಮಲಗಿರುವ ರೂಪ, ಮಣ್ಣಿನಲ್ಲಿ ಎಲ್ಲ ಕಡೆ ಇರುತ್ತವೆ, ಕುದಿಯುವ ನೀರಿಗೂ ಸಾಯುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಮುಚ್ಚಿದ ಟಿನ್‌ಗಳನ್ನು ರಿಟಾರ್ಟ್ ಎಂಬ ದೊಡ್ಡ ಒತ್ತಡದ ಪಾತ್ರೆಯಲ್ಲಿಟ್ಟು 121 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಟಿನ್ನಿನ ನಟ್ಟನಡುವೆ ಇರುವ ಕಾಳಿಗೂ ಕನಿಷ್ಠ 3 ನಿಮಿಷ 121 ಡಿಗ್ರಿಗೆ ಸಮನಾದ ಬಿಸಿ ತಟ್ಟಬೇಕೆಂಬುದು ಈ ಉದ್ಯಮದ ಮೂಲ ಲೆಕ್ಕ. ಅನೇಕ ಕಂಪನಿಗಳು ಅದಕ್ಕಿಂತ ಹೆಚ್ಚೇ ಕೊಡುತ್ತವೆ. ಒಳಗಿರುವುದು ಸತ್ತಿದೆ, ಹೊರಗಿನದು ಬರುವಂತಿಲ್ಲ. ಎರಡು ಮೂರು ವರ್ಷ ಕೆಡದಿರುವುದು ಇಷ್ಟರಿಂದಲೇ, ರಾಸಾಯನಿಕ ಬೇಕಾಗುವುದಿಲ್ಲ. "ಪ್ರಿಸರ್ವೇಟಿವ್ ಇಲ್ಲ" ಎಂಬ ಬರಹ ನಿಜವೇ. ಆದರೆ ಅದು ಪಕ್ಕದ ಟಿನ್ನಿಗೂ ಅಷ್ಟೇ ನಿಜವಾದ್ದರಿಂದ ಅದನ್ನು ನೋಡಿ ಆರಿಸಲು ಬರುವುದಿಲ್ಲ.

ಇಲ್ಲೇ ಒಂದು ಗೊಂದಲ ಬಿಡಿಸಬೇಕು. ಒಳಗೆ ಏನು, ಎಷ್ಟು ಇದೆ ಎಂದು ಲೇಬಲ್ ಹೇಳುತ್ತದೆ. ಅದು ಈಗಲೂ ತಿನ್ನಲು ಯೋಗ್ಯವೇ ಎಂದು ಹೇಳುವುದು ಟಿನ್ನಿನ ಮೈ. ಹೆಚ್ಚಿನವರು ದಿನಾಂಕ ನೋಡಿ "ಇನ್ನೂ ಒಂದು ವರ್ಷ ಇದೆ" ಎಂದು ನೆಮ್ಮದಿಯಾಗುತ್ತಾರೆ, ಅಂಚು ಜಜ್ಜಿಹೋಗಿರುವುದನ್ನು ನೋಡುವುದೇ ಇಲ್ಲ.

ಲೇಬಲ್ಲಿನಲ್ಲಿ ನಾನು ಮೊದಲು ಹುಡುಕುವುದು ಡ್ರೈನ್ಡ್ ವೇಟ್, ಅಂದರೆ ನೀರು ಬಸಿದ ಮೇಲೆ ಉಳಿಯುವ ಕಾಳಿನ ತೂಕ. ನೆಟ್ ವೇಟ್ ಎನ್ನುವುದು ನೀರೂ ಸೇರಿದ ತೂಕ. ಉದಾಹರಣೆಗೆ, 400 ಗ್ರಾಂ ನೆಟ್ ವೇಟ್ ಇರುವ ಟಿನ್ನಿನಲ್ಲಿ ಕಾಳು 240 ಗ್ರಾಂ, ಬೆಲೆ 110 ರೂಪಾಯಿ ಎಂದುಕೊಳ್ಳಿ. ಇನ್ನೊಂದು 340 ಗ್ರಾಂ ಟಿನ್ನಿಗೆ ನೀರು ಕಡಿಮೆ ಹಾಕಿದ್ದಾರೆ, ಕಾಳು 285 ಗ್ರಾಂ, ಬೆಲೆ 120. ನೆಟ್ ವೇಟ್ ಲೆಕ್ಕದಲ್ಲಿ 100 ಗ್ರಾಂಗೆ ಮೊದಲನೆಯದು 27.50, ಎರಡನೆಯದು 35.30 ರೂಪಾಯಿ, ಎರಡನೆಯದೇ ದುಬಾರಿ ಎನಿಸುತ್ತದೆ. ಕಾಳಿನ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 46, ಎರಡನೆಯದು 42 ರೂಪಾಯಿ. ಹೋಂಸ್ಟೇಗೆ ಡಜನ್ ಲೆಕ್ಕದಲ್ಲಿ ಕೊಳ್ಳುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಎಂ.ಆರ್.ಪಿ. ಪಕ್ಕ ಗ್ರಾಂಗೆ ಇಷ್ಟು ಎಂದು ಮುದ್ರಿಸಿರುವ ಯೂನಿಟ್ ದರ ನೆಟ್ ವೇಟ್ ಮೇಲಿನದಾದರೆ ಅದೂ ಇದೇ ಮೋಸ ಮಾಡುತ್ತದೆ. ಡ್ರೈನ್ಡ್ ವೇಟ್ ಬರೆದೇ ಇಲ್ಲದ ಟಿನ್ ಸಿಕ್ಕರೆ ಒಂದನ್ನು ತಂದು ಜರಡಿಗೆ ಸುರಿದು, ಸ್ವಲ್ಪ ಓರೆ ಮಾಡಿ ಎರಡು ನಿಮಿಷ ಬಸಿಯಲು ಬಿಟ್ಟು ತೂಗಿ ನೋಡಿ. ಪ್ರಯೋಗಾಲಯದಲ್ಲಿ ಮಾಡುವುದೂ ಹೆಚ್ಚುಕಡಿಮೆ ಇಷ್ಟೇ.

ಆಮೇಲೆ ಪದಾರ್ಥಗಳ ಪಟ್ಟಿ. ತೂಕದಲ್ಲಿ ಯಾವುದು ಹೆಚ್ಚೋ ಅದು ಮೊದಲು ಬರಬೇಕೆಂಬುದು ನಿಯಮ. ಇಡೀ ಕಾಳಿನ ಟಿನ್ನಿನಲ್ಲಿ ಜೋಳ, ನೀರು, ಸಕ್ಕರೆ, ಉಪ್ಪು, ಇಷ್ಟಿದ್ದರೆ ಸಾಕು. ಸಕ್ಕರೆಯೂ ಇಲ್ಲದ್ದು ಸಿಗುತ್ತದೆ, ಸಿಕ್ಕರೆ ಅದನ್ನೇ ತನ್ನಿ. ಸ್ವೀಟ್ ಕಾರ್ನಿಗೆ ತನ್ನದೇ ಸಿಹಿ ಇದೆ. ಕೆಲವದರಲ್ಲಿ ಐಎನ್‌ಎಸ್ 330 ಎಂದಿರುತ್ತದೆ (ಐಎನ್‌ಎಸ್ ಎಂದರೆ ಆಹಾರಕ್ಕೆ ಸೇರಿಸುವ ವಸ್ತುಗಳ ಸಂಕೇತ ಸಂಖ್ಯೆ), ಅದು ಸಿಟ್ರಿಕ್ ಆಮ್ಲ. ಐಎನ್‌ಎಸ್ 509 ಎಂದರೆ ಕ್ಯಾಲ್ಸಿಯಂ ಕ್ಲೋರೈಡ್, ಕಾಳು ಮೆತ್ತಗಾಗದಿರಲು ಹಾಕುತ್ತಾರೆ. ಎರಡಕ್ಕೂ ಹೆದರಬೇಕಿಲ್ಲ. ಬಣ್ಣ ಹಾಕಿದ್ದರೆ ಬರೆಯಲೇಬೇಕು. ಹಳದಿ ಜೋಳಕ್ಕೆ ಹಳದಿ ಬಣ್ಣ ಹಾಕಬೇಕಾಗಿ ಬಂದಿದೆ ಎಂದರೆ ಕಾಳಿನ ಗುಣಮಟ್ಟದ ಮೇಲೇ ನನಗೆ ಅನುಮಾನ.

ಕ್ರೀಮ್ ಸ್ಟೈಲ್‌ನಲ್ಲಿ ಹಾಲಿನ ಕೆನೆ ಇರುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಇರುವುದಿಲ್ಲ. ಜೋಳವನ್ನೇ ಅರೆದು, ಮಂದವಾಗಲು ಪಿಷ್ಟ ಸೇರಿಸಿರುತ್ತಾರೆ. ಪಟ್ಟಿಯಲ್ಲಿ ಮಾಡಿಫೈಡ್ ಸ್ಟಾರ್ಚ್, ಐಎನ್‌ಎಸ್ 1422 ಅಥವಾ 1442 ಎಂದು ಕಾಣುತ್ತದೆ. ಸಕ್ಕರೆಯೂ ಹೆಚ್ಚಿರುವುದುಂಟು. ಬಸಿಯುವ, ತೊಳೆಯುವ ಅವಕಾಶವಿಲ್ಲದ್ದರಿಂದ ಒಳಗಿರುವ ಉಪ್ಪು ಸಕ್ಕರೆಯೆಲ್ಲ ನಿಮ್ಮ ಬಟ್ಟಲಿಗೇ ಬರುತ್ತದೆ. ಸೂಪಿಗೆ ಅದು ಸುಲಭ, ಒಪ್ಪುತ್ತೇನೆ. ಆದರೆ ಇಡೀ ಕಾಳಿನ ಟಿನ್ ತಂದು ಅರ್ಧವನ್ನು ಮಿಕ್ಸಿಗೆ ಹಾಕಿದರೆ ಅದೇ ಹದ ಬರುತ್ತದೆ, ಉಳಿದ ಅರ್ಧ ಚಾಟ್‌ಗೂ ಆಗುತ್ತದೆ.

ಮಾವನವರ ಬಿ.ಪಿ.ಗೆ ಸಂಬಂಧಿಸಿದ್ದು ಸೋಡಿಯಂ ಸಾಲು. ನಮ್ಮ ಲೇಬಲ್‌ಗಳಲ್ಲಿ ದಿನದ ಅಳತೆಯಾಗಿ ಹಿಡಿಯುವುದು 2,000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ: 200 ಮಿಲಿಗ್ರಾಂ ಸೋಡಿಯಂ ಎಂದರೆ ಅರ್ಧ ಗ್ರಾಂ ಉಪ್ಪು. ಓದುವಾಗ ಆ ಅಂಕಿ 100 ಗ್ರಾಂಗೋ, ಒಂದು ಸರ್ವಿಂಗ್‌ಗೋ ಎಂದು ನೋಡಿ. ಎರಡು ಟಿನ್ ಹೋಲಿಸುವಾಗ 100 ಗ್ರಾಂ ಸಾಲನ್ನೇ ಹಿಡಿಯಿರಿ. 100 ಗ್ರಾಂಗೆ 200 ಮಿಲಿಗ್ರಾಂ ಸುಮಾರಿನಲ್ಲಿರುವ ಟಿನ್‌ನಿಂದ 60 ಗ್ರಾಂ ಕಾಳು ಒಂದು ಬಟ್ಟಲು ಸೂಪಿಗೆ ಹೋದರೆ 120 ಮಿಲಿಗ್ರಾಂ ಆಯಿತು. ಅದೇ ಸೂಪಿಗೆ ಸುರಿಯುವ ಒಂದು ಟೀ ಚಮಚ ಸೋಯಾ ಸಾಸ್‌ನಲ್ಲಿ 300 ಮಿಲಿಗ್ರಾಂ ಹತ್ತಿರ ಇರುತ್ತದೆ. ಜೋಳಕ್ಕಿಂತ ಸಾಸ್, ಸೂಪ್ ಕ್ಯೂಬ್, ಪಕ್ಕದಲ್ಲಿ ನಂಜಿಕೊಳ್ಳುವ ಉಪ್ಪಿನಕಾಯಿ ಮತ್ತು ಒಣಮೀನು ಅವರಿಗೆ ಹೆಚ್ಚು ಭಾರ. ಟಿನ್ನಿನ ನೀರು ಚೆಲ್ಲಿ, ಕಾಳನ್ನು ಜರಡಿಯಲ್ಲಿ ಅರ್ಧ ನಿಮಿಷ ನಲ್ಲಿ ನೀರಿಗೆ ಹಿಡಿಯಿರಿ. ಕಾಳಿನೊಳಗೆ ಇಳಿದ ಉಪ್ಪು ಹೋಗುವುದಿಲ್ಲ, ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಅದೇ ಹೆಚ್ಚು. ಸೂಪಿಗೆ ಬೇರೆ ಉಪ್ಪು ಹಾಕದಿದ್ದರೆ ಇದಕ್ಕಿಂತ ದೊಡ್ಡ ಲಾಭ. ಅವರಿಗೆ ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇದ್ದರೆ ಎಷ್ಟು ತಿನ್ನಬಹುದೆಂದು ಅವರನ್ನು ನೋಡುವ ವೈದ್ಯರೇ ಹೇಳಲಿ.

ಸಕ್ಕರೆಯ ಸಾಲಿನಲ್ಲಿ ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ ಎಂದು ಎರಡು ಅಂಕಿ ಇರುತ್ತವೆ. ಹೋಲಿಸಬೇಕಾದ್ದು ಎರಡನೆಯದನ್ನು. ಮುಂಭಾಗದ ದೊಡ್ಡಕ್ಷರದ "ಕೊಲೆಸ್ಟ್ರಾಲ್ ಇಲ್ಲ" ಎಂಬುದನ್ನು ಓದದೆ ಬಿಟ್ಟರೂ ನಷ್ಟವಿಲ್ಲ. ಕೊಲೆಸ್ಟ್ರಾಲ್ ಇರುವ ಜೋಳವನ್ನು ಯಾರೂ ಬೆಳೆದಿಲ್ಲ.

ಥಾಯ್ಲೆಂಡಿನದೋ ಇಲ್ಲಿಯದೋ ಎಂಬುದರಲ್ಲಿ ಮೇಲುಕೀಳು ಇಲ್ಲ. ಆಮದು ಟಿನ್ನಿನ ಮೇಲೆ ಆಮದುದಾರರ ಹೆಸರು ವಿಳಾಸ, ಅವರ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಪರವಾನಗಿ ಸಂಖ್ಯೆ, ತಯಾರಾದ ದೇಶ, ಎಂ.ಆರ್.ಪಿ., ಹಸಿರು ಚುಕ್ಕಿ ಇರಬೇಕು. ಇವನ್ನು ಸ್ಟಿಕ್ಕರ್ ಆಗಿ ಅಂಟಿಸಲು ಅವಕಾಶವಿದೆ, ಸ್ಟಿಕ್ಕರ್ ಕಂಡ ಕೂಡಲೇ ಅನುಮಾನ ಬೇಡ. ಆದರೆ ಆ ಸ್ಟಿಕ್ಕರ್ ಮೂಲ ದಿನಾಂಕವನ್ನು ಮುಚ್ಚಿದ್ದರೆ, ಇಲ್ಲವೇ ಸ್ಟಿಕ್ಕರಿನ ದಿನಾಂಕಕ್ಕೂ ಟಿನ್ನಿನ ತಳದಲ್ಲಿ ಮುದ್ರಿಸಿರುವುದಕ್ಕೂ ತಾಳೆಯಾಗದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಮೇ ತಿಂಗಳಲ್ಲಿ ಕೊಂಡು ಮುಂದಿನ ಬೇಸಿಗೆವರೆಗೆ ಇಡುವವರು ಎಕ್ಸ್‌ಪೈರಿಗೆ ಒಂದೂವರೆ ವರ್ಷವಾದರೂ ಬಾಕಿ ಇರುವುದನ್ನು ಕೇಳಿ ಪಡೆಯಿರಿ. "ಒಂದು ಕೊಂಡರೆ ಒಂದು ಉಚಿತ" ಎಂದಿದ್ದರೆ ಮೊದಲು ತಳ ತಿರುಗಿಸಿ ನೋಡಿ. ಮಿಲಿಟರಿ ಕ್ಯಾಂಟೀನಿನಿಂದ ತರುವುದಕ್ಕೂ ಇದೇ ಮಾತು.

ಇನ್ನು ಟಿನ್ನಿನ ಮೈ. ಮುಚ್ಚಳ ಮತ್ತು ಒಡಲು ಒಂದರೊಳಗೊಂದು ಮಡಚಿ ಬಿಗಿದಿರುವ ಆ ಸುತ್ತಿನ ಅಂಚನ್ನು ಡಬಲ್ ಸೀಮ್ ಎನ್ನುತ್ತಾರೆ. ಹೊರಗಿನದು ಒಳಹೋಗದಂತೆ ತಡೆಯುವ ಬಾಗಿಲು ಅದು. ಒಡಲಿನ ನಡುವೆ ಬೆರಳು ಒತ್ತಿದಂಥ ತಗ್ಗಿದ್ದರೆ ಪರವಾಗಿಲ್ಲ. ಅಂಚಿನ ಮೇಲೆ ಜಜ್ಜಿದ್ದರೆ, ಅಥವಾ ಎಲ್ಲೇ ಆಗಲಿ ತಗಡು ಚೂಪಾಗಿ ಮಡಚಿಕೊಂಡಿದ್ದರೆ ಬೇಡ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಲೇಬಲ್ ಕಾಗದದ ಮೇಲೆ ಒಣಗಿದ ಅಂಟಂಟು ಕಲೆ ಇದ್ದರೆ ಅದು ಸೋರಿದ ಗುರುತಿರಬಹುದು. ಪಕ್ಕದ ಟಿನ್ ಸೋರಿ ತಗುಲಿದ್ದೂ ಇರಬಹುದು. ಎರಡರಲ್ಲಿ ಯಾವುದೆಂದು ಗೊತ್ತಾಗದಿದ್ದರೆ ಕೊಳ್ಳಬೇಡಿ.

ನಿಮ್ಮ ತುಕ್ಕು ಹಿಡಿದ ಟಿನ್‌ಗಳನ್ನು ಒಣ ಬಟ್ಟೆಯಿಂದ ಒತ್ತಿ ಒರೆಸಿ. ಕೆಂಪು ಪುಡಿ ಬಟ್ಟೆಗೆ ಬಂದು ಕೆಳಗೆ ತಗಡು ನುಣ್ಣಗಿದ್ದರೆ ಅದು ಮೇಲ್ಮೈ ತುಕ್ಕು, ಮೊದಲು ಅವನ್ನೇ ಬಳಸಿ ಮುಗಿಸಿ. ಉಗುರು ಸವರಿದಾಗ ಗುಳಿ ಸಿಕ್ಕರೆ, ತುಕ್ಕು ಅಂಚಿನ ಮಡಿಕೆಯೊಳಗೆ ಹೊಕ್ಕಿದ್ದರೆ ಬಿಸಾಡಿ.

ಅಟ್ಟದ ಬಗ್ಗೆ: ತೇವ ತಪ್ಪಿಸಲು ಒಲೆಯ ಮೇಲಿಟ್ಟದ್ದು ಅರ್ಥವಾಗುತ್ತದೆ, ಕೊಡಗಿನ ಮಳೆಯಲ್ಲಿ ಬಟ್ಟೆ ಒಣಗುವುದೂ ಅಲ್ಲೇ. ಆದರೆ ಟಿನ್ನಿಗೆ ಅದು ತಕ್ಕ ಜಾಗವಲ್ಲ. ರಿಟಾರ್ಟಿನ ಬಿಸಿಗೂ ಸಾಯದೆ ಉಳಿಯುವ ಕೆಲವು ಉಷ್ಣಪ್ರಿಯ ಬ್ಯಾಕ್ಟೀರಿಯಾಗಳ ಬೀಜಕಗಳಿವೆ. ಸಾಧಾರಣ ಹವೆಯಲ್ಲಿ ಅವು ಏಳುವುದಿಲ್ಲ, ನಮಗೆ ತೊಂದರೆಯಿಲ್ಲ. 45 ಡಿಗ್ರಿ ಸುತ್ತಮುತ್ತ ದಿನಗಟ್ಟಲೆ ಇಟ್ಟರೆ ಏಳುತ್ತವೆ. ಕೆಲವು ಅನಿಲ ಬಿಟ್ಟು ಟಿನ್ನನ್ನು ಉಬ್ಬಿಸುತ್ತವೆ. ನಿಮ್ಮದಕ್ಕೂ ಇದು ಕಾರಣವಾಗಿರಬಹುದು. ಆದರೆ ಬೊಟುಲಿನಂ ಅಲ್ಲವೆಂದು ಹೊರಗಿನಿಂದ ಹೇಳಲು ಬರುವುದಿಲ್ಲವಾದ್ದರಿಂದ ಮೇಲೆ ಹೇಳಿದ್ದು ಬದಲಾಗುವುದಿಲ್ಲ. ಕೆಲವು ಉಬ್ಬಿಸದೆ ಹುಳಿ ಮಾಡುತ್ತವೆ: ಟಿನ್ ನೆಟ್ಟಗೇ ಇರುತ್ತದೆ, ತೆರೆದರೆ ನೀರು ಕದಡಿ ಹುಳಿ ವಾಸನೆ ಬರುತ್ತದೆ. ಇನ್ನೊಂದು ಬಗೆ ಕೊಳೆತ ಮೊಟ್ಟೆಯ ವಾಸನೆ ಬರಿಸಿ ಕಾಳನ್ನು ಕಪ್ಪಾಗಿಸುತ್ತದೆ. ಯಾವುದಾದರೂ ಸರಿ, ತಿನ್ನಬೇಡಿ. ಟಿನ್‌ಗಳನ್ನು ಊಟದ ಮನೆಯ ಕಪಾಟಿಗೆ ಇಳಿಸಿ. ಸಿಮೆಂಟ್ ನೆಲಕ್ಕೂ ಹೊರಗೋಡೆಗೂ ತಾಗದಂತೆ ಮರದ ಹಲಗೆಯ ಮೇಲಿಡಿ, ಉಪ್ಪಿನ ಚೀಲದಿಂದ, ಗೊಬ್ಬರದಿಂದ ದೂರವಿರಲಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒರೆಸಿದರೆ ತುಕ್ಕು ಹಿಡಿಯುವುದು ನಿಧಾನವಾಗುತ್ತದೆ. ಲೇಬಲ್ ಬೂಷ್ಟು ಹಿಡಿದು ಕಳಚಬಹುದು, ಎಕ್ಸ್‌ಪೈರಿಯನ್ನು ಮುಚ್ಚಳದ ಮೇಲೆ ಮಾರ್ಕರ್‌ನಿಂದ ಬರೆದಿಡಿ.

ತೆರೆಯುವ ಮುನ್ನ ಮುಚ್ಚಳವನ್ನು ಸೋಪು ಹಾಕಿ ತೊಳೆಯಿರಿ. ಗೋಡೌನಿನಲ್ಲಿ ಇಲಿ ಓಡಾಡಿರುತ್ತದೆ, ಅದರ ಮೂತ್ರದಿಂದ ಇಲಿಜ್ವರ ಬರುತ್ತದೆ. ಓಪನರ್ ಒತ್ತಿದಾಗ ಮುಚ್ಚಳದ ಮೇಲಿನ ಕೊಳೆಯೆಲ್ಲ ಒಳಗೇ ಇಳಿಯುತ್ತದೆ. ತೆರೆದಾಗ ಗಾಳಿ ಒಳಕ್ಕೆ ಎಳೆದ ಸದ್ದು ಬಂದರೆ ಒಳ್ಳೆಯದು, ಹೊರಕ್ಕೆ ಬುಸ್ಸೆಂದು ಚಿಮ್ಮಿದರೆ ಬಿಸಾಡಿ. ಒಳಗೋಡೆಯಲ್ಲಿ ಬೂದುಗಪ್ಪು ಕಲೆ ಕಂಡು ಕೆಲವರು ಗಾಬರಿಯಾಗುತ್ತಾರೆ. ಬೇಯುವಾಗ ಜೋಳದ ಪ್ರೋಟೀನಿನಿಂದ ಗಂಧಕ ಬಿಡುಗಡೆಯಾಗಿ ತಗಡಿನ ಕಬ್ಬಿಣದ ಜೊತೆ ಸೇರಿ ಹಾಗಾಗುತ್ತದೆ. ಇದನ್ನು ತಡೆಯಲೆಂದೇ ಜೋಳದ ಟಿನ್ನಿನ ಒಳಗೆ ಸತುವಿನ ಆಕ್ಸೈಡ್ ಬೆರೆಸಿದ ಅರಗು ಬಳಿಯುವ ಪದ್ಧತಿ ಬಂತು. ಅರಗು ಗೀರಿದ ಕಡೆ ಕಲೆ ಮೂಡುತ್ತದೆ. ಕಾಳಿನ ಬಣ್ಣ, ವಾಸನೆ ಸರಿಯಿದ್ದರೆ ಆ ಕಲೆ ವಿಷವಲ್ಲ.

ಉಳಿದ ಕಾಳನ್ನು ಟಿನ್ನಿನಲ್ಲೇ ಫ್ರಿಜ್ಜಿಗೆ ಇಡಬೇಡಿ. ಗಾಳಿ ತಾಗಿದ ಮೇಲೆ ತಗಡಿನ ಅಂಶ ಬಿಟ್ಟುಕೊಂಡು ರುಚಿ ಕೆಡುತ್ತದೆ. ಗಾಜಿನ ಅಥವಾ ಸ್ಟೀಲ್ ಡಬ್ಬಿಗೆ ಹಾಕಿ ಎರಡು ಮೂರು ದಿನದಲ್ಲಿ ಮುಗಿಸಿ. ಕರೆಂಟ್ ಇಲ್ಲದ ದಿನ ತೆರೆದದ್ದನ್ನು ಅಂದೇ ಮುಗಿಸಬೇಕು, ಹಾಗಾಗಿ ಮಳೆಗಾಲಕ್ಕೆ ದೊಡ್ಡ ಟಿನ್ನಿಗಿಂತ ಚಿಕ್ಕದು ಲಾಭ.

ಬಿಪಿಎ ಬಗ್ಗೆ ನೀವು ಕೇಳಿಲ್ಲ, ಅತಿಥಿಗಳು ಕೇಳಬಹುದು. ಟಿನ್ನಿನ ಒಳಲೇಪದ ಎಪಾಕ್ಸಿಯಿಂದ ಅತ್ಯಲ್ಪ ಪ್ರಮಾಣದಲ್ಲಿ ಆಹಾರಕ್ಕೆ ಬರುವ ರಾಸಾಯನಿಕ ಅದು. ಯುರೋಪಿನ ಒಕ್ಕೂಟ 2024ರ ಡಿಸೆಂಬರಿನಲ್ಲಿ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಅದನ್ನು ನಿಷೇಧಿಸಿ, ಬದಲಾಯಿಸಿಕೊಳ್ಳಲು ಕಂಪನಿಗಳಿಗೆ ಕಾಲಾವಕಾಶ ಕೊಟ್ಟಿತು. ವಾರಕ್ಕೊಮ್ಮೆ ಸೂಪು ಕುಡಿಯುವವರು ಇದಕ್ಕೆ ನಿದ್ದೆಗೆಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ದಿನಾ ಟಿನ್ ಆಹಾರ ಬೇಡ.

ಕೊನೆಗೆ, ಮನೆಯಲ್ಲೇ ಬಾಟಲಿ ತುಂಬುವ ಯೋಚನೆ. ಬೇಡ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದ ಉಪ್ಪಿನಕಾಯಿಯನ್ನು ಉಳಿಸುವುದು ಅದರ ಹುಳಿ ಮತ್ತು ಉಪ್ಪು. ನೀರಲ್ಲಿ ಬೆಂದ ಜೋಳಕ್ಕೆ ಎರಡರ ರಕ್ಷಣೆಯೂ ಇಲ್ಲ. ಮಡಿಕೇರಿಯಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನ ಒಳಗೂ ಕರಾವಳಿಯಲ್ಲಿ ಸಿಗುವುದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ. ಅಮೆರಿಕದ ಕೃಷಿ ಇಲಾಖೆಯ ಮಾರ್ಗಸೂಚಿ ಅರ್ಧ ಲೀಟರಿನಷ್ಟು ಜೋಳದ ಬಾಟಲಿಗೆ 55 ನಿಮಿಷ ಹೇಳುತ್ತದೆ. ಅದೂ ಇದಕ್ಕೆಂದೇ ಮಾಡಿದ ಪ್ರೆಷರ್ ಕ್ಯಾನರಿನಲ್ಲಿ, ಎತ್ತರದ ಊರುಗಳಿಗೆ ಒತ್ತಡ ಹೆಚ್ಚಿಸಿ. ಸೀಟಿ ಎಣಿಸಿ ಮಾಡುವ ಕೆಲಸವಲ್ಲ. ತಪ್ಪಿ ಒಳಗೆ ಬೊಟುಲಿನಂ ಬೆಳೆದು ವಿಷ ಬಿಟ್ಟಿದ್ದರೂ ಬಾಟಲಿ ಚೆನ್ನಾಗಿಯೇ ಕಾಣುತ್ತದೆ, ವಾಸನೆಯೂ ಬರದಿರಬಹುದು. ತಿಂದ 12ರಿಂದ 36 ಗಂಟೆಯೊಳಗೆ ಸಾಮಾನ್ಯವಾಗಿ ಕಣ್ಣು ಎರಡೆರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲಾಗದಿರುವುದು ಶುರುವಾಗುತ್ತದೆ. ಕೆಲವೊಮ್ಮೆ ದಿನಗಳ ನಂತರವೂ ಬರಬಹುದು. ಜ್ವರ ಇರುವುದಿಲ್ಲ. ಆ ಲಕ್ಷಣ ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ, ಏನು ತಿಂದಿದ್ದೆಂದು ಹೇಳಬೇಕು. ಹತ್ತು ನಿಮಿಷ ಕುದಿಸಿದರೆ ಆ ವಿಷ ನಾಶವಾಗುತ್ತದೆ ಎಂಬುದು ನಿಜ, ಆದರೆ ಅದನ್ನು ನೆಚ್ಚಿ ಅತಿಥಿಗಳಿಗೆ ಬಡಿಸುವಂತಿಲ್ಲ.

ಕುಶಾಲನಗರದ ಜೋಳ ಕೊಳ್ಳುವಾಗ ಅದು ಸ್ವೀಟ್ ಕಾರ್ನೇ, ಸಾದಾ ಮುಸುಕಿನ ಜೋಳವೇ ಎಂದು ಕೇಳಿ. ಎರಡನೆಯದು ಸೂಪಿಗೆ ಹಿಟ್ಟುಹಿಟ್ಟಾಗುತ್ತದೆ. ಸ್ವೀಟ್ ಕಾರ್ನಿನ ಸಕ್ಕರೆಯೂ ಕೊಯ್ದ ಮೇಲೆ ದಿನದಿನಕ್ಕೆ ಪಿಷ್ಟವಾಗುತ್ತಾ ಹೋಗುತ್ತದೆ. ತಂದ ದಿನವೇ ತೆನೆಯನ್ನು ನಾಲ್ಕೈದು ನಿಮಿಷ ಕುದಿಸಿ, ತಣ್ಣೀರಿಗೆ ಹಾಕಿ, ಕಾಳು ಬಿಡಿಸಿ ಫ್ರೀಜರಿಗೆ ಇಡಿ. ಕರೆಂಟ್ ಕೈಕೊಡದ ತಿಂಗಳುಗಳಿಗೆ ಅದು ಟಿನ್ನಿಗಿಂತ ರುಚಿ, ಉಪ್ಪೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಿನ್ ಇರಲಿ. ಉಬ್ಬಿದ ಟಿನ್ನಿನ ಬ್ಯಾಚ್ ಸಂಖ್ಯೆ ಮತ್ತು ಬಿಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಯವರು ಬದಲಾಯಿಸಿ ಕೊಡದಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದೇ ಬ್ಯಾಚಿನ ಉಳಿದ ಟಿನ್‌ಗಳನ್ನು ಅಲ್ಲಿಯವರೆಗೆ ಅಡುಗೆಗೆ ಬಳಸದೆ ಬೇರೆ ತೆಗೆದಿಡಿ.